ಎರಡು ಕಡೆ ಮುರಿದ ಮೂಗು

ಮಾರ್ಚ್ 9, ಭಾನುವಾರ. ಬರೆಯಲು ಕುಳಿತದ್ದು ಬೆಳಿಗ್ಗೆ 6.40ಕ್ಕೆ.

ನಮ್ಮ ಗಣಿತದ ಮೇಷ್ಟ್ರ ಮೂಗು ಎರಡು ಕಡೆ ಮುರಿದಿತ್ತು. ಮೇಲಿನ ಮುರಿತ ಎಡಕ್ಕೆ ವಾಲಿತ್ತು, ಕೆಳಗಿನದು ಬಲಕ್ಕೆ. ಉಸಿರಾಡಿದರೆ ಸಣ್ಣ ಸಿಳ್ಳೆ ಕೇಳಿಸುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಅವರು ಯಾರ ಬೆನ್ನ ಹಿಂದೆ ನಿಂತಿದ್ದಾರೆಂದು ತಲೆಯೆತ್ತದೆಯೇ ಗೊತ್ತಾಗುತ್ತಿತ್ತು. ಕೆಳಗಿನ ಮುರಿತ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಒಂದು ಭಾನುವಾರ, ಬೆಳಿಗ್ಗೆ 11.20, ನಮ್ಮೂರ ಹನುಮಪ್ಪನ ಗುಡಿ ಕಟ್ಟೆಯ ಮುಂದೆ. ಮೇಲಿನದು ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ಆದದ್ದು. ಅದರ ನಿಜ ನನಗೆ ಗೊತ್ತಾಗಿ ಇವತ್ತಿಗೆ ಹತ್ತೊಂಬತ್ತು ದಿನ.

ಮೊದಲ ಮುರಿತದ ಬಗ್ಗೆ ಅವರು ನಮಗೆ ಮೂರು ಕಥೆ ಹೇಳಿದ್ದರು. ಹರಪನಹಳ್ಳಿಯ ಹಾಸ್ಟೆಲಿನಲ್ಲಿ ಒಂದು ಪ್ರಮೇಯದ ವಿಷಯಕ್ಕೆ ಗೆಳೆಯನ ಜೊತೆ ಹೊಡೆದಾಡಿದ್ದು, ಎಮ್ಮೆ ಒದ್ದದ್ದು, ಹಡಗಲಿ ಬಸ್ಸಿನ ಬಾಗಿಲು ಬಡಿದದ್ದು. ಪ್ರಮೇಯದ ಕಥೆಯೇ ಅವರಿಗೆ ಹೆಚ್ಚು ಇಷ್ಟ. ಯಾಕೆಂದರೆ ಅದರ ಹಿಂದೆಯೇ ಇನ್ನೊಂದು ಮೂಗಿನ ಕಥೆ ಬರುತ್ತಿತ್ತು.

ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಅವರು ಲೆಕ್ಕ ಮಾಡಿಸುತ್ತಿರಲಿಲ್ಲ. ನಾನೂರು ವರ್ಷದ ಹಿಂದೆ ಯೂರೋಪಿನ ರಾಜರು ತಮ್ಮ ಆಸ್ಥಾನದಲ್ಲಿ ಇಟ್ಟುಕೊಂಡಿದ್ದ ಗಣಿತಜ್ಞರ, ನಕ್ಷತ್ರ ಅಳೆಯುವವರ ಕಥೆ ಹೇಳುತ್ತಿದ್ದರು. ಒಂಬತ್ತನೇ ಕ್ಲಾಸಿನ ನಡುವಿನಿಂದ ಹತ್ತರ ಕೊನೆಯವರೆಗೆ ಅಂಥ 31 ಶನಿವಾರಗಳು ನನ್ನ ಪುಸ್ತಕದಲ್ಲಿವೆ. ಅವುಗಳಲ್ಲಿ 19ರಲ್ಲಿ ರಕ್ತವಿದೆ. ಅದಕ್ಕೂ ಮೊದಲು ಕೇಳಿದ ಕಥೆಗಳಿಗೆ ಎಣಿಕೆಯಿಲ್ಲ, ಆಗ ನನಗೆ ಬರೆದಿಡುವ ಅಭ್ಯಾಸ ಇರಲಿಲ್ಲ.

ಆ ಇನ್ನೊಂದು ಮೂಗಿನವನು ದೊಡ್ಡ ಮನೆತನದವನು. ಚಿಕ್ಕ ವಯಸ್ಸಿನಲ್ಲಿ, ಗಣಿತ ಯಾರಿಗೆ ಹೆಚ್ಚು ಬರುತ್ತದೆ ಎಂಬ ಜಗಳ ಬೆಳೆದು, ಕತ್ತಿ ಹಿರಿದು, ಮೂಗಿನ ಸೇತುವೆಯನ್ನೇ ಕಳೆದುಕೊಂಡ. ಸಾಯುವ ತನಕ ಲೋಹದ ಮೂಗು ಅಂಟಿಸಿಕೊಂಡು ಓಡಾಡಿದ. ರಾಜ ಅವನಿಗೆ ಒಂದು ದ್ವೀಪವನ್ನೇ ಕೊಟ್ಟ. ಅಲ್ಲಿ ಕೂತು ದುರ್ಬೀನು ಇಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಗ್ರಹಗಳ ದಾರಿಯನ್ನು ಕೂದಲೆಳೆಯಷ್ಟು ಸರಿಯಾಗಿ ಅಳೆದ. ಅದೇ ದ್ವೀಪದ ಒಕ್ಕಲುಗಳನ್ನು ಬಿಟ್ಟಿ ದುಡಿಸಿ, ಎದುರು ಮಾತಾಡಿದವನಿಗೆ ಸರಪಳಿ ಹಾಕಿಸಿದ.

"ಆಕಾಶದ ಲೆಕ್ಕ ಸರಿ ಇದ್ರ ಮನಸ್ಯಾ ಸರಿ ಇರ್ತಾನಂತಲ್ಲ," ಅನ್ನುತ್ತಿದ್ದರು ಮೇಷ್ಟ್ರು. ಆಮೇಲೆ ತಮ್ಮ ಮೂಗು ಮುಟ್ಟಿಕೊಂಡು, "ಲೆಕ್ಕಕ್ಕ ಮೂಗು ಕೊಟ್ಟೋರು ಇಬ್ರ. ಒಬ್ಬ ಆತ, ಇನ್ನೊಬ್ಬ ನಾನು" ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಆಸ್ಥಾನದ ಗಣಿತಜ್ಞನ ಕೆಲಸ ಏನೆಂದು ಅವರು ನಮಗೆ ಬಿಡಿಸಿ ಹೇಳಿದ್ದರು. ಗ್ರಹ ಎಲ್ಲಿದೆ ಅನ್ನುವುದು ರಾಜನಿಗೆ ಬೇಕಿಲ್ಲ. ನನ್ನನ್ನು ಕೊಲ್ಲುವವನು ಯಾರು, ಯಾವಾಗ, ದಂಡು ಹೊರಡಿಸಲು ಯಾವ ದಿನ ಒಳ್ಳೆಯದು, ಇಷ್ಟು ಹೇಳಬೇಕು. ಒಬ್ಬ ಸೇನಾಪತಿ ತನ್ನ ಹೆಸರು ಮುಚ್ಚಿಟ್ಟು ಚಕ್ರವರ್ತಿಯ ಗಣಿತಜ್ಞನಿಂದ ಜಾತಕ ಬರೆಸಿಕೊಂಡಿದ್ದನಂತೆ. ಕೊನೆಗೆ ತನ್ನ ಕಡೆಯವರೇ ಮಲಗುವ ಕೋಣೆಗೆ ನುಗ್ಗಿ ಅವನನ್ನು ಭರ್ಜಿಯಿಂದ ತಿವಿದು ಕೊಂದರು. ಇನ್ನೊಂದು ಕಡೆ ಹೊಸ ಕ್ಯಾಲೆಂಡರು ಬಂದು, ಹಳೆಯದಕ್ಕೂ ಅದಕ್ಕೂ ಹತ್ತು ದಿನದ ವ್ಯತ್ಯಾಸವಾಗಿ, ಹಬ್ಬ ಯಾವತ್ತು ಎಂಬ ಮಾತಿಗೆ ಜನ ಬೀದಿಯಲ್ಲಿ ದಂಗೆ ಎದ್ದರು.

"ಅದಕ್ಕ ನೋಡ್ರಿ," ಎನ್ನುತ್ತಿದ್ದರು, "ದೊಡ್ಡೋರು ಯಾರಾದ್ರೂ ನಿಮ್ಮನ್ನ ದಿನ ಕೇಳಿದ್ರ, ದಿನ ಹೇಳೋಕಿಂತ ಮೊದ್ಲ ಯಾಕಂತ ಕೇಳ್ರಿ."

ಹಿಂದಿನ ಬೆಂಚಿನಿಂದ ಯಾರೋ, "ಸಾರ್, ಪರೀಕ್ಷಿ ಯಾವತ್ತು?" ಅಂದ.

"ಯಾಕ?" ಎಂದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಇದನ್ನು ಅವರು ಬರೀ ಮಾತಿಗೆ ಹೇಳುತ್ತಿರಲಿಲ್ಲ. ಊರಿನಲ್ಲಿ ತಿಥಿ ಲೆಕ್ಕ ಬಲ್ಲವರು ಅವರೇ. ಯಾರಾದರೂ ಬಂದು "ಮೇಷ್ಟ್ರ, ಹುಣ್ವಿ ಎಷ್ಟೊತ್ತಿಗಿ ಹತ್ತತೈತಿ?" ಎಂದರೆ, "ಯಾಕ?" ಎಂದು ಕೇಳಿ, ಉತ್ತರ ಬಂದ ಮೇಲೆಯೇ ಹೇಳುತ್ತಿದ್ದರು. "ಕೇಳಿದ್ದಕ್ಕ ಹೇಳಾಕ ಈತಗೇನು ರೋಗ?" ಎಂದು ಜನ ಬೈದುಕೊಳ್ಳುತ್ತಿದ್ದರು.

ಈಗ ನಮ್ಮ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ನಮ್ಮೂರು ಕಾನಹೊಸಹಳ್ಳಿಯಿಂದ ಒಳಗೆ. ಹೆಸರು ಬರೆಯುವುದಿಲ್ಲ, ತಾರೀಖನ್ನೂ ಬರೆಯುವುದಿಲ್ಲ, ವಾರ ಮಾತ್ರ ಬರೆಯುತ್ತೇನೆ. ಇದರಲ್ಲಿ ಬರುವ ಒಂದು ಮನೆಯ ಸೊಸೆ ಇನ್ನೂ ಅಲ್ಲೇ ಇದ್ದಾಳೆ. ಅವಳು ಯಾರಿಗೂ ಏನೂ ಮಾಡಿದವಳಲ್ಲ.

ಅಜ್ಜಿ ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುತ್ತಿದ್ದಳು. ಗುಳ್ಳೆ ಎದ್ದ ಜಾಗದ ಸುತ್ತ ಕೆಮ್ಮಣ್ಣಿನಲ್ಲಿ ಗೆರೆ ಬರೆದು, ಮೇಲೊಂದು ಸಿಂಹ ಬಿಡಿಸುತ್ತಿದ್ದಳು. ಸಿಂಹ ನಾಯಿಯಂತೆ ಕಾಣುತ್ತಿತ್ತು. ಅವಳ ಬೆರಳ ತುದಿ ಯಾವಾಗಲೂ ಕೆಂಪು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಮಂಗಳವಾರ ಬೆಳಿಗ್ಗೆ, ಪಂಚಾಯ್ತಿ ಮೆಂಬರರ ಸೊಸೆ ಅಂಗಳ ಗುಡಿಸಲು ಬಂದವಳು ಗೇಟಿನ ಬಳಿ ಒಂದು ಕುಯ್ದ ನಿಂಬೆಹಣ್ಣನ್ನು ಬರಿಗಾಲಲ್ಲಿ ತುಳಿದಳು. ಅದಕ್ಕೆ ಕುಂಕುಮ ಹಚ್ಚಿತ್ತು. ಅವಳು ನಾಲ್ಕು ತಿಂಗಳ ಬಸುರಿ. ಬುಧವಾರ ಗರ್ಭ ಇಳಿಯಿತು. ಬುಧವಾರ ಸಂಜೆಯ ಹೊತ್ತಿಗೆ ಊರು ಒಂದೇ ಮಾತು ಆಡುತ್ತಿತ್ತು: ಅಮಾವಾಸ್ಯೆಗೆ ಮಾಟ ಮಾಡಿಸ್ಯಾರ. ಕೆಂಪು ಬೆರಳು ಯಾರದೆಂದು ಎಲ್ಲರಿಗೂ ಗೊತ್ತು.

ಗುರುವಾರ ಬೆಳಿಗ್ಗೆ ಮೆಂಬರರು ಮೇಷ್ಟ್ರಿಗೆ ಹೇಳಿ ಕಳಿಸಿದರು. ಅಲ್ಲಿ ನಡೆದ ಮಾತನ್ನು ಮೇಷ್ಟ್ರೇ ಆಮೇಲೆ ನನ್ನಿಂದ ಬರೆಸಿದರು.

"ಮೇಷ್ಟ್ರ, ಈ ಸಲ ಅಮಾಸಿ ಸೋಮಾರನೋ ಮಂಗಳಾರನೋ?"

"ಯಾಕ್ರಿ?"

"ಮುದುಕಿ ಅಮಾಸಿ ಸಂಜಿಕ ನಮ್ಮ ಗೇಟಿನ ಕಡಿ ಬಂದಿದ್ದು ಮೂರು ಮಂದಿ ನೋಡ್ಯಾರ. ದಿನ ಪಕ್ಕಾ ಆದ್ರ, ಭಾನುವಾರ ಗುಡಿ ಕಟ್ಟಿಗೆ ಕರೆಸಿ ಹಲ್ಲು ಕೀಳಸ್ತೀವಿ. ಹಲ್ಲು ಹ್ವಾದ್ರ ಮಂತ್ರ ನಾಟಂಗಿಲ್ಲ."

ಮೇಷ್ಟ್ರು ದಿನ ಹೇಳಲಿಲ್ಲ. ಎದ್ದು ಸೀದಾ ನಮ್ಮ ಮನೆಗೆ ಬಂದರು. ಬರುವ ಹೊತ್ತಿಗೆ ನಮ್ಮ ಹಂಚಿನ ಮೇಲೆ ಕಲ್ಲು ಬೀಳುತ್ತಿದ್ದವು. ಒಂದು ಕಲ್ಲು ಹಂಚು ಒಡೆದು ಒಳಗೆ ಬಿದ್ದು ಅವ್ವನ ಭುಜ ಸೀಳಿತ್ತು. ಅಪ್ಪ ತೀರಿಹೋಗಿ ಆಗ ಎರಡು ವರ್ಷ. ಮನೆಯಲ್ಲಿ ನಾವು ಮೂವರೇ.

"ಎಷ್ಟು ಕಲ್ಲು ಬಿದ್ದುವು?" ಎಂದು ಮೇಷ್ಟ್ರು ನನ್ನನ್ನು ಕೇಳಿದರು.

ನಾನು ಅಳುತ್ತಿದ್ದೆ. "ಭಾಳ ಸಾರ್."

"ಭಾಳ ಅನ್ನೋದು ಸಂಖ್ಯಾ ಅಲ್ಲ. ಎಣಿಸು, ತಂಗಿ. ಎಣಿಸಾಕ ಹತ್ತಿದ್ರ ಅಂಜಿಕಿ ಒಂದು ಕಡಿ ಕುಂದ್ರತೈತಿ."

ಮೂವತ್ತನಾಲ್ಕು. ಅದೇ ನನ್ನ ಮೊದಲ ಎಣಿಕೆ. ನನ್ನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅವರು ನಾಲ್ಕು ಕಾಲಮ್ಮಿನ ಗೆರೆ ಹಾಕಿ ಕೊಟ್ಟರು: ಯಾರು, ಯಾವ ದಿನ, ಎಷ್ಟು ಗಂಟೆ, ನೋಡಿದ್ದೋ ಕೇಳಿದ್ದೋ.

ಆಗಲೇ ಅವರು ಚಕ್ರವರ್ತಿಯ ಗಣಿತಜ್ಞನ ತಾಯಿಯ ಕಥೆಯನ್ನು ಪೂರ್ತಿ ಹೇಳಿದ್ದು, ಒಡೆದ ಹಂಚಿನ ಚೂರುಗಳ ನಡುವೆ ಕೂತು. ಆ ಮುದುಕಿಯೂ ಗಿಡಮೂಲಿಕೆಯವಳು. ಪಕ್ಕದ ಮನೆಯವಳು ಅವಳು ಕೊಟ್ಟದ್ದನ್ನು ಕುಡಿದು ಬೇನೆ ಬಿದ್ದೆ ಎಂದಳು. ಊರವರು ಮಾಟಗಾತಿ ಎಂದು ಹಿಡಿದು, ಒಂದು ವರ್ಷಕ್ಕೂ ಮೇಲೆ ಸರಪಳಿಯಲ್ಲಿಟ್ಟರು. ಮಗ ಆಸ್ಥಾನದ ಕೆಲಸ ಬಿಟ್ಟು ಬಂದ. ಬೈಯಲಿಲ್ಲ, ಬೇಡಿಕೊಳ್ಳಲಿಲ್ಲ. ಒಂದೊಂದೇ ಆರೋಪ ತೆಗೆದು, ಯಾರು ಹೇಳಿದ್ದು, ಯಾವಾಗ, ಮೊದಲು ಹೇಳಿದ್ದೇನು, ಆಮೇಲೆ ಹೇಳಿದ್ದೇನು ಎಂದು ಗ್ರಹದ ಲೆಕ್ಕದಂತೆ ಬರೆದ. ವಿಚಾರಣೆಯ ಗುಮಾಸ್ತ, ಕೈದಿ ಹಾಜರಾಗಿದ್ದಾಳೆ, ಕೇಡಿಗೆ ಅವಳ ಮಗ ಗಣಿತಜ್ಞನೂ ಜೊತೆಗಿದ್ದಾನೆ ಎಂದು ದಾಖಲೆಯಲ್ಲಿ ಗೊಣಗಿಕೊಂಡ. ಕೊನೆಗೆ ಚಿತ್ರಹಿಂಸೆಯ ಉಪಕರಣಗಳನ್ನು ಮುಂದಿಟ್ಟು ಒಪ್ಪಿಕೋ ಎಂದಾಗ ಮುದುಕಿ, ಒಂದೊಂದೇ ನರ ಕಿತ್ತರೂ ಒಪ್ಪಲು ನನ್ನಲ್ಲಿ ಏನೂ ಇಲ್ಲ ಎಂದಳು.

"ಆಕಿಗೆ ಹಲ್ಲೆಷ್ಟಿದ್ವಂತ?" ಎಂದು ಅಜ್ಜಿ ಕೇಳಿದಳು.

"ಅದು ಬರದಿಲ್ಲವಾ."

"ನನಗ ಹನ್ನೊಂದದಾವು. ಬರ್ಕೋ."

ಶುಕ್ರವಾರ ಪೊಲೀಸರು ಬಂದು ಎರಡೂ ಕಡೆಯವರಿಗೆ ಬುದ್ಧಿ ಹೇಳಿ ಹೋದರು. ಜೀಪು ಹೋಗಿ ಒಂದು ಗಂಟೆಗೆ ಇನ್ನೂ ಹನ್ನೆರಡು ಕಲ್ಲು. ಮೇಷ್ಟ್ರು ಶುಕ್ರವಾರ, ಶನಿವಾರ ರಜೆ ಹಾಕಿ ಮನೆಮನೆಗೆ ಹೋದರು. ನಾಲ್ಕು ಮನೆಯವರು ಬಾಗಿಲು ತೆರೆಯಲಿಲ್ಲ, ಒಬ್ಬರು ನಾಯಿ ಬಿಟ್ಟರು. ಅಜ್ಜಿಯ ಮೇಲೆ ಒಟ್ಟು ಏಳು ಆರೋಪ ಸಿಕ್ಕವು. ಆರರ ನಾಲ್ಕನೇ ಕಾಲಮ್ಮಿನಲ್ಲಿ 'ಕೇಳಿದ್ದು' ಎಂದೇ ಬಂತು. ಉಳಿದದ್ದು ನಿಂಬೆಹಣ್ಣು. ಮೂವರು ನೋಡಿದ್ದೇವೆ ಎಂದರು. ಮೂವರೂ ಹೇಳಿದ್ದು ಒಂದೇ ಮಾತು, "ಅಮಾಸಿ ಸಂಜಿಕ". ಯಾವ ವಾರ ಎಂದರೆ ಮೂವರೂ ಮಂಗಳವಾರ ಎಂದರು. ಮೆಂಬರರ ಮನೆಯ ಪಂಚಾಂಗದಲ್ಲಿ ಅಮಾವಾಸ್ಯೆ ಇದ್ದದ್ದು ಮಂಗಳವಾರ.

"ಸೊಸಿ ಹಣ್ಣು ತುಳದದ್ದು ಯಾವಾಗ?" ಎಂದು ಮೇಷ್ಟ್ರು ನನ್ನನ್ನು ಕೇಳಿದರು.

ನಾನು ಪುಸ್ತಕ ನೋಡಿದೆ. "ಮಂಗಳಾರ ಮುಂಜಾನಿ."

"ಸಂಜಿಕ ಇಟ್ಟ ಹಣ್ಣು ಮುಂಜಾನಿ ಹ್ಯಾಂಗ ತುಳದ್ಲು?"

ಅಮಾವಾಸ್ಯೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹತ್ತಿ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟಿತ್ತು. ಗೊಬ್ಬರದ ಅಂಗಡಿಯವರು ಹಂಚಿದ್ದ ಗೋಡೆ ಕ್ಯಾಲೆಂಡರಿನಲ್ಲಿ ಅದು ಸೋಮವಾರ. ಆ ಕ್ಯಾಲೆಂಡರು ಮೆಂಬರರ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ನೇತಾಡುತ್ತಿತ್ತು. ಡ್ರೈವರ್ ಅದನ್ನೇ ನೋಡಿ, ಸೋಮವಾರ ಸಂಜೆ ಕೊಟ್ಟೂರಿಗೆ ಲೋಡು ಒಯ್ಯುವ ಮುಂಚೆ, ಅಮಾವಾಸ್ಯೆಗೆ ಎಲ್ಲ ಗಾಡಿಗಳಿಗೆ ಮಾಡುವಂತೆ ಪೂಜೆ ಮಾಡಿ, ನಾಲ್ಕು ಗಾಲಿಗೆ ಕುಯ್ದು ಕುಂಕುಮ ಹಚ್ಚಿದ ನಾಲ್ಕು ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ಗಾಡಿ ಹತ್ತಿಸಿಕೊಂಡು ಹೋಗಿದ್ದ. ಮೂರು ಅಪ್ಪಚ್ಚಿಯಾದವು. ನಾಲ್ಕನೆಯದು ಗಾಲಿಗೆ ಸಿಕ್ಕದೆ ಜಾರಿ ಗೇಟಿನ ಬಳಿ ಉಳಿಯಿತು. ಮನೆಯವರ ಪಾಲಿಗೆ ಅಮಾವಾಸ್ಯೆ ಇನ್ನೂ ಬಂದೇ ಇರಲಿಲ್ಲ. ಆದ್ದರಿಂದ ಅದು ಪೂಜೆಯ ಹಣ್ಣೆಂದು ಯಾರಿಗೂ ಹೊಳೆಯಲಿಲ್ಲ.

ಆ ಕ್ಯಾಲೆಂಡರು ಕಂಡು ಮೇಷ್ಟ್ರು ಹುಡುಕಿಕೊಂಡು ಹೋದಾಗ, ಇದನ್ನು ಡ್ರೈವರ್ ಶನಿವಾರ ಮಧ್ಯಾಹ್ನ ಕೊಟ್ಟೂರಿನಲ್ಲಿ ಟೀ ಅಂಗಡಿಯ ಹಿಂದೆ ನಿಂತು ಒಪ್ಪಿಕೊಂಡ. ಒಪ್ಪಿಕೊಂಡವನೇ ಮೇಷ್ಟ್ರ ಕಾಲು ಹಿಡಿದ. "ನನ್ನ ಹೆಸರು ಹೇಳಬ್ಯಾಡ್ರಿ ಸಾರ್. ಸೊಸಿ ಬಸರು ನನ್ನಿಂದ ಹೋತು ಅಂತ ಜೀವಸೈತ ಸುಡ್ತಾರ."

"ನಿಂಬಿಹಣ್ಣಿನಿಂದ ಯಾರ ಬಸರೂ ಹೋಗಂಗಿಲ್ಲಲೇ," ಎಂದರು ಮೇಷ್ಟ್ರು. "ನಾ ಹೇಳಂಗಿಲ್ಲ. ನೀನ ಹೇಳಬೇಕು."

ಭಾನುವಾರ, ಹನ್ನೊಂದು ಗಂಟೆ. ಅಜ್ಜಿಯನ್ನು ತೋಳು ಹಿಡಿದು ಎಳೆದು ತಂದು ಕಟ್ಟೆಯ ಕೆಳಗೆ ಕೂರಿಸಿದರು. ದಾರಿಯಲ್ಲಿ ಅವಳ ಕುಪ್ಪಸ ಹರಿದಿತ್ತು. ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಟ್ರ್ಯಾಕ್ಟರಿನ ಪೆಟ್ಟಿಗೆಯಿಂದ ತಂದ ಇಕ್ಕಳ ಇಟ್ಟಿದ್ದರು. ಮೇಷ್ಟ್ರು ನನ್ನ ನೋಟ್‌ಬುಕ್ ಹಿಡಿದು ಬಂದು, ಕ್ಲಾಸಿನಲ್ಲಿ ನಿಂತ ಹಾಗೆಯೇ ನಿಂತು, ಓದಲು ಶುರು ಮಾಡಿದರು.

"ಏ ಮೇಷ್ಟ್ರ," ಎಂದರು ಮೆಂಬರರು. ಅವರ ಕಣ್ಣು ಕೆಂಪಾಗಿದ್ದವು, ಅತ್ತು ಕೆಂಪಾದದ್ದು. "ಲೆಕ್ಕ ಸಾಲ್ಯಾಗ ಹೇಳ್ರಿ. ಇಲ್ಲಿ ನಮ್ಮ ಮನಿ ಕೂಸು ಹೋಗೈತಿ."

"ಹೋಗೈತಿ, ಖರೆ. ಅದಕ್ಕ ನಾನೂ ತಲಿ ಬಾಗಸ್ತೀನಿ. ಒಂದ ಒಂದು ಪ್ರಶ್ನಿ ಕೇಳ್ತೀನಿ. ಈ ಸಲ ಅಮಾಸಿ ಸೋಮಾರ ಮಾಡಿದೋರು ಯಾರ್ಯಾರು ಅದೀರಿ, ಕೈ ಎತ್ರಿ."

ಯಾರೂ ಎತ್ತಲಿಲ್ಲ. ಡ್ರೈವರ್ ನೆಲ ನೋಡುತ್ತಿದ್ದ. ಮೇಷ್ಟ್ರು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವಷ್ಟರಲ್ಲಿ ಮೆಂಬರರ ತಮ್ಮ ಕಬ್ಬಿಣದ ರಾಡಿನಿಂದ ಅವರ ಮುಖಕ್ಕೆ ಹೊಡೆದ. 11.20. ಒಣ ಜೋಳದ ದಂಟು ಮುರಿದಂತೆ ಸದ್ದಾಯಿತು. ಅವರು ಕುಸಿದರು. ಅದೇ ಕೈಯಲ್ಲಿ ಅವನು ಇಕ್ಕಳ ತೆಗೆದುಕೊಂಡು ಅಜ್ಜಿಯ ಬಾಯಿಗೆ ಹಾಕಿದ. ಇಬ್ಬರು ಅವಳ ತಲೆ ಹಿಡಿದಿದ್ದರು. ನಾನೂ ಅವ್ವನೂ ಕಿರುಚುತ್ತಿದ್ದೆವು, ನಮ್ಮನ್ನು ಹೆಂಗಸರೇ ಹಿಡಿದುಕೊಂಡಿದ್ದರು. ಮುಂದಿನ ಒಂದು ಹಲ್ಲು ಬಂತು. ಅಜ್ಜಿ ಕೂಗಲಿಲ್ಲ, ಅವಳ ಎರಡೂ ಕಾಲು ನೆಲ ಕೆರೆದವು.

ಮೇಷ್ಟ್ರು ಎದ್ದರು. ಮೂಗು ಇದ್ದ ಜಾಗದಲ್ಲಿ ಇರಲಿಲ್ಲ. ರಕ್ತ ಬಾಯೊಳಗೆ ಹೋಗಿ, ಮಾತಿನ ಜೊತೆ ಹೊರಗೆ ಸಿಡಿಯುತ್ತಿತ್ತು. ಪುಸ್ತಕ ಎತ್ತಿಕೊಂಡು ಅದೇ ದನಿಯಲ್ಲಿ, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲದೆ, ಅದೇ ಪ್ರಶ್ನೆ ಕೇಳಿದರು: "ಅಮಾಸಿ ಸೋಮಾರ ಮಾಡಿದೋರು ಯಾರ್ಯಾರು ಅದೀರಿ, ಕೈ ಎತ್ರಿ."

ಹಿಟ್ಟಿನ ಗಿರಣಿಯ ಮುದುಕ ಮೊದಲು ಎತ್ತಿದ. ಆಮೇಲೆ ಒಂದೊಂದಾಗಿ ಒಟ್ಟು ಎಂಟು ಕೈ. ಒಂಬತ್ತನೆಯ ಕೈ ಡ್ರೈವರನದು.

"ಸೋಮಾರ ಸಂಜಿಕ ಆ ಹಣ್ಣು ನಾನ ಇಟ್ಟಿದ್ನಿ, ಧಣಿ. ಗಾಡಿಗೆ. ನಿಮ್ಮ ಗಾಡಿಗೇ."

ಮೆಂಬರರ ತಮ್ಮ ಅವನ ಮೇಲೂ ಬಿದ್ದ. ಅವನ ಕೈ ಮುರಿಯಿತು. ಆದರೆ ಆ ಹೊತ್ತಿಗೆ ಜನರ ಗುಂಪು ಸಡಿಲಾಗಿತ್ತು. ಒಬ್ಬೊಬ್ಬರೇ, ಏನೋ ಕೆಲಸ ನೆನಪಾದವರಂತೆ, ಹೊರಟರು. ಮೆಂಬರರು ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡರು. ಕೇಸು, ಕೋರ್ಟು ಎಲ್ಲ ಆಮೇಲಿನ ಮಾತು.

ಕೂಡ್ಲಿಗಿಗೆ ಹೋಗುವ ಆಟೋದಲ್ಲಿ ಅಜ್ಜಿ ಸೆರಗಿನಿಂದ ಬಾಯಿ ಒತ್ತಿಕೊಂಡೇ, "ಇರ್ಲಿ ಬಿಡ್ರಿ ಮೇಷ್ಟ್ರ, ಅದು ಮೊದ್ಲ ಅಲ್ಲಾಡ್ತಿತ್ತು" ಎಂದಳು.

"ನನ್ನ ಮೂಗೂ ಈಗ ಅಲ್ಲಾಡಾಕ ಹತ್ತೈತಿ ನೋಡವಾ," ಎಂದ ಮೇಷ್ಟ್ರು ನನ್ನ ಕಡೆ ತಿರುಗಿದರು. "ತಂಗಿ, ಬರ್ಕೋ. ಮುದುಕಿ ಹಾಜರಿದ್ಲು. ಕೇಡಿಗೆ ಮೇಷ್ಟ್ರೂ ಜೊತಿಗಿದ್ದ."

ಬರೆದುಕೊಂಡೆ. ಆ ಪುಟದ ಮೇಲಿನ ಅರ್ಧ ಈಗಲೂ ಕಂದು ಬಣ್ಣಕ್ಕಿದೆ.

ಚಕ್ರವರ್ತಿಯ ಗಣಿತಜ್ಞನ ತಾಯಿ ಬಿಡುಗಡೆಯಾಗಿ ಕೆಲವೇ ತಿಂಗಳಿಗೆ ತೀರಿಕೊಂಡಳು. ನನ್ನ ಅಜ್ಜಿ ಮೂರು ವರ್ಷ ಇದ್ದಳು. ಆದರೆ ಕೆಮ್ಮಣ್ಣನ್ನು ಮತ್ತೆ ಮುಟ್ಟಲಿಲ್ಲ. ಸಾಯುವಾಗ ಅವಳ ಬೆರಳು ಬೇರೆ ಯಾರದೋ ಬೆರಳಿನಂತೆ ಬೆಳ್ಳಗಿದ್ದವು.

ಮೇಷ್ಟ್ರು ಈ ಫೆಬ್ರವರಿ 15, ಶನಿವಾರ, ಹೃದಯ ನಿಂತು ತೀರಿಕೊಂಡರು. ಅವರ ಊರು ಹಡಗಲಿ ತಾಲ್ಲೂಕಿನಲ್ಲಿ, ಮಾಗಳದ ಆಚೆ, ಹೊಳೆಯ ದಂಡೆಯಲ್ಲಿ. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಮೂರು ದಿನ ಬಿಟ್ಟು, 18ರಂದು ಹೋದೆ. ಅವರ ಅಕ್ಕ ಜಗುಲಿಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿ, ಎರಡನೇ ಮುರಿತದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ಹಂಗಾರ ತೀರಿಸಿದ" ಎಂದರು.

"ಏನನ್ನ?"

"ಮೊದಲನೇದನ್ನ. ಆಗ ಅವಗ ಹತ್ತೊಂಬತ್ತು. ನಮ್ಮ ಅಪ್ಪನ ಕಡಿಂದ ಪಂಚಾಂಗ ಕಲ್ತಿದ್ದ, ಗಳಿಗಿ ಸಮೇತ ಹೇಳ್ತಿದ್ದ. ದೊಡ್ಡಮನಿಯೋರು ಕರೆಸಿ, ಹ್ವಾದ ಅಮಾಸಿ ಯಾವತ್ತು ಅಂತ ಕೇಳಿದ್ರು. ಇವ ಹೇಳಿ ಬಂದ. ದೊಡ್ಡಮನ್ಯಾಗ ನನ್ನ ಕೇಳಿದ್ರು ಅಂತ ಅವ್ವನ ಮುಂದ ಹಿಗ್ಗಿ ಹಿಗ್ಗಿ ಹೇಳಿದ. ಉಣ್ಣಾಕ ಕುಂತಿದ್ದ, ಹೊಳಿ ಕಡಿಂದ ಕೂಗು ಕೇಳಿಸ್ತು."

ಹೊಳೆಯ ದಂಡೆಯಲ್ಲಿ ಬದನೆ ಬೆಳೆಯುತ್ತಿದ್ದ ಒಂಟಿ ಹೆಂಗಸು. ಮೇಷ್ಟ್ರು ಹೇಳಿದ ಅದೇ ದಿನದ ಸಂಜೆ ಅವಳು ನೀರಿನ ಬಳಿ ದೀಪ ಹಚ್ಚಿದ್ದನ್ನು ಯಾರೋ ನೋಡಿದ್ದರಂತೆ. ಅಷ್ಟೇ ಸಾಕಾಯಿತು.

"ಕೈ ತೊಳಿಲಾರದ ಓಡಿದ. 'ಲೆಕ್ಕ ಇನ್ನೊಂದು ಥರಾನೂ ಹಾಕಬಹುದು, ಇನ್ನೊಂದು ಥರಾನೂ ಹಾಕಬಹುದು' ಅಂತ ಕೂಗಿಕೋತ. ಹರಿಗೋಲಿನ ಹುಟ್ಟಿನಿಂದ ಮೂಗಿಗೆ ಕೊಟ್ರು. ಕಣ್ಣಾಗ ರಕ್ತ ತುಂಬಿತ್ತಲ್ಲ, ಅವ ನೋಡಲಿಲ್ಲ. ಆಕಿ ತಾನ ಬಿದ್ಲೋ, ನೂಕಿದ್ರೋ. ಹೊಳಿ ತುಂಬಿತ್ತು. ಸಿಗಲಿಲ್ಲ."

"ಆಕಿ ಹೆಸರೇನು?"

"ಬದನಿಕಾಯಾಕಿ ಅಂತಿದ್ವಿ," ಎಂದರು.

ಇವತ್ತಿಗೆ ನನ್ನ ನಾಲ್ಕು ಕಾಲಮ್ಮಿನ ಪುಸ್ತಕಗಳು ಹದಿನಾಲ್ಕಾಗಿವೆ. ಮೊದಲನೆಯದರ ಮೊದಲ ಸಾಲು ಮೇಷ್ಟ್ರ ಕೈಬರಹದಲ್ಲಿದೆ. ಹದಿನಾಲ್ಕನೆಯದರ ಕೊನೆಯ ಸಾಲು ಈ ಹೊಳೆದಂಡೆಯ ಹೆಂಗಸಿನದು. ನಾಲ್ಕನೇ ಕಾಲಮ್ಮಿನಲ್ಲಿ 'ಕೇಳಿದ್ದು' ಎಂದು ಬರೆದಿದ್ದೇನೆ. ಉಳಿದ ಮೂರು ಖಾಲಿ ಇವೆ.

ಸುಮಾರು ನಲವತ್ತು ವರ್ಷದ ಹಿಂದೆ ಹಡಗಲಿ ತಾಲ್ಲೂಕಿನ ಹೊಳೆಸಾಲಿನ ಊರುಗಳಲ್ಲಿ ಇದ್ದವರು, ಅವಳನ್ನು ಕಂಡವರು, ಅವಳಿಂದ ಬದನೆಕಾಯಿ ಕೊಂಡವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ನೋಡಿದ್ದೋ ಕೇಳಿದ್ದೋ ಎಂದು ಬೇರೆ ಮಾಡಿ ಬರೆಯಿರಿ. ಯಾಕೆ ಎಂದು ನೀವು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ಯಾರನ್ನೂ ಹಿಡಿಸುವುದಕ್ಕಲ್ಲ. ಅವಳ ಹೆಸರು ಬರೆಯುವುದಕ್ಕೆ.